ರೂಟ್ ಕೆನಾಲ್ ಆದ ಮೇಲೂ ಹಲ್ಲು ನೋಯುವುದೇಕೆ?

ಖಾನಾಪುರದಿಂದ ನಾದಿನಿಯ ಫೋನ್ ಬಂದಾಗ ರಾತ್ರಿ ಹನ್ನೊಂದು ಗಂಟೆ. ಆ ಹೊತ್ತಿನಲ್ಲಿ ಫೋನ್ ಬಂದರೆ ಯಾರ ಎದೆಯಾದರೂ ಹೊಡೆದುಕೊಳ್ಳುತ್ತದೆ. "ಗಾಬರಿಯಾಗಬೇಡಿ ಭಾಬಿ, ಯಾರಿಗೂ ಏನೂ ಆಗಿಲ್ಲ. ನನ್ನ ಹಲ್ಲು" ಎಂದಳು. ಮಾತು ಸ್ಪಷ್ಟವಾಗಿರಲಿಲ್ಲ. ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದಳು.

ಬಲಗಡೆಯ ಮೇಲಿನ ದವಡೆ ಹಲ್ಲಿಗೆ ನಾಲ್ಕು ತಿಂಗಳ ಹಿಂದೆ ಬೆಳಗಾವಿಯಲ್ಲಿ ರೂಟ್ ಕೆನಾಲ್ ಆಗಿತ್ತು. ಆಗ ನೋವು ಪೂರ್ತಿ ನಿಂತಿತ್ತು. ಈಗ ಹದಿನೈದು ದಿನಗಳಿಂದ ಮತ್ತೆ ಶುರುವಾಗಿದೆ. ರೊಟ್ಟಿ ಜಗಿದರೆ ನೋವು, ಮಲಗಿದರೆ ನೋವು.

"ನರ ತೆಗೆದಿದ್ದೇವೆ, ಇನ್ನು ನೋಯುವುದಿಲ್ಲ ಅಂದಿದ್ದರು. ನರವೇ ಇಲ್ಲದ ಹಲ್ಲು ಹೇಗೆ ನೋಯುತ್ತದೆ ಭಾಬಿ? ಮನೆಯಲ್ಲಿ ಎಲ್ಲರೂ ಇದು ನಿನ್ನ ಭ್ರಮೆ ಅಂತಾರೆ. ಕೊಟ್ಟ ದುಡ್ಡೂ ಹೋಯಿತು. ನಾಳೆ ಬಂದು ಕೀಳಿಸಿಬಿಡುತ್ತೇನೆ."

ನಾನು ವೈದ್ಯೆಯಲ್ಲ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಅವಳ ಪ್ರಶ್ನೆ ನನಗೂ ಹಳೆಯದು. ಕೆಲವು ವರ್ಷಗಳ ಹಿಂದೆ ನನ್ನ ಹಲ್ಲಿಗೂ ಇದೇ ಚಿಕಿತ್ಸೆಯಾಗಿ, ಇದೇ ಪ್ರಶ್ನೆ ಕೇಳಿಕೊಂಡು ನಾನೂ ರಾತ್ರಿ ಕಳೆದಿದ್ದೇನೆ. "ನಾಳೆ ಬಾ, ಆದರೆ ಕೀಳಿಸುವುದಕ್ಕಲ್ಲ. ತೋರಿಸೋಣ" ಎಂದು ಹೇಳಿ ಫೋನಿಟ್ಟೆ. ಅವಳೊಂದಿಗೆ ಓಡಾಡಿದ ಆ ಕೆಲವು ವಾರಗಳಲ್ಲಿ ವೈದ್ಯರಿಂದ ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಇಂಥ ನೋವನ್ನು ಸುಮ್ಮನೆ ನುಂಗಿಕೊಂಡಿರುವವರು ಬಹಳ ಮಂದಿ ಇದ್ದಾರೆಂದು ನನಗೆ ಗೊತ್ತು.

ನರ ತೆಗೆದ ಮೇಲೆ ಉಳಿಯುವುದೇನು?

ಹಲ್ಲಿನ ಹೊರಗೆ ಕಾಣುವುದು ಗಟ್ಟಿ ಬಿಳಿ ಕವಚ. ಅದರ ಒಳಗೆ, ನಟ್ಟನಡುವೆ, ಮೆತ್ತನೆಯ ತಿರುಳಿದೆ. ರಕ್ತನಾಳ, ನರ ಎಲ್ಲವೂ ಅದರಲ್ಲಿವೆ. ಈ ತಿರುಳು ಬೇರುಗಳ ಒಳಗಿನ ಸಣ್ಣ ಕೊಳವೆಗಳಲ್ಲಿ ಇಳಿದು ಬೇರಿನ ತುದಿಯಿಂದ ದವಡೆಯ ಎಲುಬನ್ನು ಸೇರುತ್ತದೆ. ಆ ಕೊಳವೆಗೇ ರೂಟ್ ಕೆನಾಲ್ ಎಂಬ ಹೆಸರು. ಹುಳುಕು ತಿರುಳನ್ನು ಮುಟ್ಟಿದಾಗ ಒಳಗೆ ಉರಿಯೂತವಾಗಿ, ಬಾತುಕೊಳ್ಳಲು ಜಾಗವಿಲ್ಲದೆ ಜೀವ ಹಿಂಡುವ ನೋವು ಬರುತ್ತದೆ. ವೈದ್ಯರು ಆ ತಿರುಳನ್ನು ತೆಗೆದು, ಸೂಜಿಯಂಥ ಫೈಲುಗಳಿಂದ ಕೊಳವೆಯನ್ನು ಉಜ್ಜಿ, ಔಷಧ ನೀರಿನಿಂದ ತೊಳೆದು, ಖಾಲಿ ಜಾಗವನ್ನು ಗಟ್ಟಾ ಪರ್ಚಾ ಎಂಬ ವಸ್ತುವಿನಿಂದ ತುಂಬಿಸುತ್ತಾರೆ. ತೊಳೆಯಲು ಹೆಚ್ಚಾಗಿ ಬಳಸುವುದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ನಾವು ಬಟ್ಟೆ ಬಿಳುಪಾಗಲು ಹಾಕುವ ಬ್ಲೀಚಿನ ಜಾತಿಯದೇ ದ್ರಾವಣ. ಗಟ್ಟಾ ಪರ್ಚಾ ಮಲಯ ದೇಶದ ಕಡೆಯ ಒಂದು ಮರದ ಹಾಲು. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ನೀರು ತಾಗದಂತೆ ಸುತ್ತುತ್ತಿದ್ದದ್ದೂ ಇದನ್ನೇ. ನೀರು ಒಳಗಿಳಿಯಬಾರದು ಎಂಬ ಚಿಂತೆ ಅಲ್ಲೂ ಇತ್ತು, ಹಲ್ಲಿನಲ್ಲೂ ಇದೆ. ಈ ಮಾತಿಗೆ ಮುಂದೆ ಬರುತ್ತೇನೆ.

ಹೀಗೆ ತೆಗೆಯುವುದು ಹಲ್ಲಿನ ಒಳಗಿನ ನರವನ್ನು ಮಾತ್ರ. ಹಲ್ಲಿನ ಬೇರು ಎಲುಬಿನಲ್ಲಿ ಮೊಳೆ ಹೊಡೆದಂತೆ ನಿಂತಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ತೆಳ್ಳಗಿನ ನಾರಿನ ಪೊರೆಯೊಂದಿದೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಥಟ್ಟನೆ ತಿಳಿಸುವುದು ಆ ಪೊರೆಯಲ್ಲಿರುವ ನರಗಳು. ಚಿಕಿತ್ಸೆಯಾದ ಮೇಲೂ ಅವು ಅಲ್ಲೇ ಇರುತ್ತವೆ. ಆದ್ದರಿಂದ ರೂಟ್ ಕೆನಾಲ್ ಆದ ಹಲ್ಲು ಖಂಡಿತ ನೋಯಬಲ್ಲದು. "ನರ ತೆಗೆದಾಗಿದೆ, ಇದು ನಿನ್ನ ಭ್ರಮೆ" ಎನ್ನುವ ಮಾತು ಗಂಡ ಹೇಳಿದರೂ ಅತ್ತೆ ಹೇಳಿದರೂ ತಪ್ಪು.

ಮೊದಲ ಕೆಲವು ದಿನಗಳ ನೋವು

ಚಿಕಿತ್ಸೆಯ ಮರುದಿನ ನೋವಿದ್ದರೆ ಹೆದರಬೇಕಿಲ್ಲ. ಬೇರಿನ ತುದಿಯವರೆಗೆ ಕೈಯಾಡಿಸಿರುತ್ತಾರೆ, ಔಷಧ ಹಾಕಿರುತ್ತಾರೆ, ಸುತ್ತಲಿನ ಪೊರೆ ಕೆರಳಿರುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ ಚಿಕಿತ್ಸೆಗೆ ಮೊದಲು 100 ರೋಗಿಗಳಲ್ಲಿ 81 ಮಂದಿಗೆ ನೋವಿತ್ತು. ಚಿಕಿತ್ಸೆಯಾಗಿ ಒಂದು ದಿನ ಕಳೆದಾಗ ಅದು 40ಕ್ಕೆ ಇಳಿದಿತ್ತು, ಒಂದು ವಾರ ಕಳೆದಾಗ 11ಕ್ಕೆ. ಅಂದರೆ ನೋವು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಬೇಕು. ನಿನ್ನೆಗಿಂತ ಇಂದು ಕಡಿಮೆ ಎಂದಾದರೆ ಸಮಾಧಾನದಿಂದಿರಿ. ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಂಡು, ಇನ್ನೊಂದು ಬದಿಯಲ್ಲಿ ಜಗಿಯಿರಿ, ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ. ಗೋಕಾಕದ ಕರದಂಟು ಒಂದು ತಿಂಗಳು ಡಬ್ಬಿಯಲ್ಲೇ ಇರಲಿ.

ವಾರ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಅದಕ್ಕೆ ಕಾರಣವಿರುತ್ತದೆ. ಹುಡುಕಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸಿಗುತ್ತದೆ.

ನನ್ನದು ಅತ್ಯಂತ ಸಣ್ಣ ಕಾರಣವಾಗಿತ್ತು. ತುಂಬಿಸಿದ ಸಿಮೆಂಟು ಕೂದಲೆಳೆಯಷ್ಟು ಎತ್ತರವಾಗಿತ್ತು, ಅಷ್ಟೆ. ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲು ಉಳಿದ ಹಲ್ಲುಗಳಿಗಿಂತ ಮೊದಲು ತಾಗುತ್ತಿತ್ತು. ದಿನಕ್ಕೆ ನೂರಾರು ಸಲ ಸುತ್ತಿಗೆಯಿಂದ ಮೆಲ್ಲನೆ ಬಡಿದ ಹಾಗೆ. ಚಿಕಿತ್ಸೆಯ ದಿನ ಬಾಯಿ ಮರಗಟ್ಟಿದ್ದರಿಂದ "ಸರಿಯಾಗಿದೆಯೇ?" ಎಂದು ಅವರು ಕೇಳಿದಾಗ ಗೊತ್ತಾಗದೆ ತಲೆಯಾಡಿಸಿದ್ದೆ. ಮತ್ತೆ ಹೋದರೆ ವೈದ್ಯರು ಬೇಸರಪಟ್ಟಾರು, ಮತ್ತೆ ಫೀಸು ಕೇಳಿಯಾರು ಎಂದು ಎರಡು ವಾರ ಸುಮ್ಮನಿದ್ದೆ. ಕೊನೆಗೆ ಹೋದಾಗ ಬಣ್ಣದ ಕಾಗದವೊಂದನ್ನು ಕಚ್ಚಿಸಿ, ಗುರುತು ಬಿದ್ದ ಕಡೆ ಸ್ವಲ್ಪ ಉಜ್ಜಿದರು. ಐದು ನಿಮಿಷದ ಕೆಲಸ, ಫೀಸೂ ತೆಗೆದುಕೊಳ್ಳಲಿಲ್ಲ. ಎರಡು ದಿನಗಳಲ್ಲಿ ನೋವು ಹೋಯಿತು. ಆ ಎರಡು ವಾರ ತಿಂದ ಮಾತ್ರೆಗಳಿಂದ ಹೊಟ್ಟೆ ಉರಿದದ್ದು ಮಾತ್ರ ಲಾಭ.

ಕಾಣದೆ ಉಳಿದ ಕೊಳವೆ

ನಾದಿನಿಯ ವಿಷಯ ಅಷ್ಟು ಸುಲಭದ್ದಾಗಿರಲಿಲ್ಲ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಬಸ್ಸಿನ ಕುಲುಕಾಟಕ್ಕೇ ಹಲ್ಲು ಸಿಡಿಯುತ್ತಿದೆ ಎಂದು ಕೆನ್ನೆ ಹಿಡಿದುಕೊಂಡೇ ಇಳಿದಳು. ಈ ಸಲ ನಾವು ಹೋದದ್ದು ಬೇರುನಾಳದ ಚಿಕಿತ್ಸೆಯಲ್ಲೇ ಹೆಚ್ಚಿನ ಓದು ಮುಗಿಸಿದ ತಜ್ಞೆಯೊಬ್ಬರ ಬಳಿಗೆ. ಇಂಥವರನ್ನು ಎಂಡೋಡಾಂಟಿಸ್ಟ್ ಎನ್ನುತ್ತಾರೆ. ನೋಡಲು ನನ್ನ ಶಿಷ್ಯೆಯ ವಯಸ್ಸಿನವರು. ಬಾಯಿ ನೋಡುವ ಮೊದಲೇ ಆಕೆ ಪ್ರಶ್ನೆ ಕೇಳತೊಡಗಿದರು. ನೋವು ಬಿಸಿಗೆ ಬರುತ್ತದೋ ತಣ್ಣಗಿನದಕ್ಕೋ? ಕಚ್ಚಿದಾಗಲೋ, ಕಚ್ಚಿ ಬಿಟ್ಟಾಗಲೋ? ಒಂದೇ ಸಮನೆ ಇರುತ್ತದೋ, ಬಂದು ಹೋಗುತ್ತದೋ? ಬೆರಳಿಟ್ಟು ಇದೇ ಹಲ್ಲು ಎಂದು ತೋರಿಸಬಲ್ಲಿರಾ?

ಈ ಪ್ರಶ್ನೆಗಳಲ್ಲೇ ಅರ್ಧ ರೋಗ ಪತ್ತೆಯಾಗುತ್ತದೆ ಎಂದು ನನಗೆ ಅಂದು ತಿಳಿಯಿತು. ಬಿಸಿ ಚಹಾ, ತಣ್ಣೀರು ತಾಗಿದಾಗ ಜುಮ್ಮೆನ್ನುವ ನೋವು ಜೀವಂತ ತಿರುಳಿನದು. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಆ ನೋವು ಬಂದರೆ ಎರಡು ಸಾಧ್ಯತೆಗಳು. ಒಂದೋ ಯಾವುದೋ ಕೊಳವೆಯಲ್ಲಿ ತಿರುಳು ಇನ್ನೂ ಉಳಿದಿದೆ, ಇಲ್ಲವೇ ನೋಯುತ್ತಿರುವುದು ಆ ಹಲ್ಲೇ ಅಲ್ಲ, ಪಕ್ಕದ್ದು. ದವಡೆ ಹಲ್ಲುಗಳ ನೋವು ಒಂದರದು ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ಕೆಳಗಿನದ್ದು ನೋಯುತ್ತಿದ್ದರೆ ಮೇಲಿನದ್ದೆಂದು ತೋರುವುದೂ ಉಂಟು. ಅಕಲ್ ದಾಡ್ ಬರುವ ವಯಸ್ಸಿನವರಾದರೆ ಅದನ್ನೂ ನೋಡಬೇಕು.

ಉಳಿದುಹೋದ ಕೊಳವೆಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಮುಂಬದಿಯ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಬೇರು, ಒಂದೇ ಕೊಳವೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು. ಹಾಗಾದರೆ ಕೊಳವೆಯೂ ಮೂರೇ ಎಂದು ಯಾರಾದರೂ ಎಣಿಸುತ್ತಾರೆ. ಆದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಇನ್ನೊಂದು, ಅಂದರೆ ನಾಲ್ಕನೆಯ ಕೊಳವೆ ಅಡಗಿರುತ್ತದೆ. ಅದರ ಬಾಯಿ ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ಸಾಮಾನ್ಯ ಎಕ್ಸ್‌ರೇಯಲ್ಲಿ ಎರಡು ಕೊಳವೆಗಳು ಒಂದರ ಹಿಂದೊಂದು ನಿಂತು ಒಂದೇ ಆಗಿ ಕಾಣುತ್ತವೆ. ಕಣ್ಣಿಗೆ ದೊಡ್ಡದು ಮಾಡಿ ತೋರಿಸುವ ಮಸೂರ, ಸೂಕ್ಷ್ಮದರ್ಶಕ ಬಂದ ಮೇಲೆ, ಹಲ್ಲನ್ನು ಎಲ್ಲ ದಿಕ್ಕಿನಿಂದ ತೋರಿಸುವ ಸಿಬಿಸಿಟಿ ಎಂಬ ಸ್ಕ್ಯಾನ್ ಬಂದ ಮೇಲೆ ಇದು ಹೆಚ್ಚು ಸಿಗುತ್ತಿದೆ. ಆದ್ದರಿಂದ ಕೊಳವೆ ಉಳಿದುಹೋಯಿತೆಂದರೆ ವೈದ್ಯರು ಬೇಜವಾಬ್ದಾರಿಯಿಂದ ಮಾಡಿದರು ಎಂದೇ ಅರ್ಥವಲ್ಲ. ಅಲ್ಲಾಹನು ಪ್ರತಿಯೊಬ್ಬರ ಹಲ್ಲನ್ನೂ ಬೇರೆ ಬೇರೆ ರೀತಿಯಲ್ಲಿ ಮಾಡಿದ್ದಾನೆ.

ಉಳಿದ ಕೊಳವೆಯಲ್ಲಿ ಸತ್ತ ತಿರುಳೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳೂ ಇರುತ್ತವೆ. ರೋಗದ ಮೂಲ ಈ ಜೀವಿಗಳೇ ಎಂಬುದನ್ನು 1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ತೋರಿಸಿಕೊಟ್ಟಿತು. ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಸಾಕಿದ ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ತೆರೆದಿಟ್ಟರು. ಅದರೊಳಗೆ ಆಹಾರ ಹೊಕ್ಕರೂ ತಿರುಳು ಸಾಯಲಿಲ್ಲ, ಗಾಯದ ಮೇಲೆ ಹೊಸ ಪದರ ಕಟ್ಟಿತು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಸೂಕ್ಷ್ಮಜೀವಿ ಒಳಗಿದ್ದರೆ ರೋಗ, ಇಲ್ಲದಿದ್ದರೆ ಇಲ್ಲ. ಕೊಳವೆಯ ಅಕ್ಕಪಕ್ಕದ ಸಣ್ಣ ಕವಲುಗಳಲ್ಲಿ, ತೊಳೆಯುವ ನೀರು ತಲುಪದ ಮೂಲೆಗಳಲ್ಲಿ ಅವು ಉಳಿದರೆ ಚಿಕಿತ್ಸೆಯ ಬಳಿಕವೂ ನೋವು ಮರಳುತ್ತದೆ. ತುಂಬಿಸಿದ್ದು ಬೇರಿನ ತುದಿಯವರೆಗೆ ಹೋಗದಿದ್ದರೂ ತೊಂದರೆ, ತುದಿ ದಾಟಿ ಹೊರಗೆ ಬಂದರೂ ತೊಂದರೆ. ಫೈಲಿನ ತುದಿ ಒಳಗೆ ಮುರಿದು ಉಳಿಯುವುದೂ ಉಂಟು. ಅದರಿಂದಲೇ ನೋವು ಬರುತ್ತದೆ ಎಂದಲ್ಲ, ಅದರಾಚೆಗಿನ ಭಾಗ ಶುಚಿಯಾಗದೆ ಉಳಿದರೆ ಬರುತ್ತದೆ. ಹಾಗಾದಾಗ ರೋಗಿಗೆ ಹೇಳಬೇಕಾದದ್ದು ವೈದ್ಯರ ಕರ್ತವ್ಯ, ಕೇಳುವುದು ನಮ್ಮ ಹಕ್ಕು.

ನಾದಿನಿಯ ಸ್ಕ್ಯಾನಿನಲ್ಲಿ ನಾಲ್ಕನೆಯ ಕೊಳವೆ ಕಂಡಿತು. ಮುಟ್ಟದೆ ಉಳಿದಿತ್ತು. ಆದರೆ ತಜ್ಞೆ ಬೆರಳಿಟ್ಟು ತೋರಿಸಿದ್ದು ಇನ್ನೊಂದನ್ನು. "ಅಕ್ಕಾರ, ಇದರ ಮ್ಯಾಲಿನ ಸಿಮೆಂಟ್ ಎಲ್ಲಿ ಐತಿ? ಕ್ಯಾಪ್ ಯಾಕ ಹಾಕಿಸಿಲ್ಲ?"

ಅರ್ಧಕ್ಕೆ ನಿಂತ ಚಿಕಿತ್ಸೆ

ನಾದಿನಿ ನನ್ನ ಮುಖ ನೋಡಿದಳು. ಬೇರು ತುಂಬಿಸಿದ ದಿನ ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ, "ಹದಿನೈದು ದಿನ ಬಿಟ್ಟು ಬನ್ನಿ, ಪಕ್ಕಾ ಫಿಲ್ಲಿಂಗ್ ಮಾಡಿ ಕ್ಯಾಪ್ ಹಾಕಬೇಕು" ಎಂದಿದ್ದರಂತೆ. ಯಾಕೆ ಹಾಕಬೇಕು, ಹಾಕದಿದ್ದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಷ್ಟರಲ್ಲಿ ರಮಝಾನ್ ಬಂತು. ಉಪವಾಸದಲ್ಲಿ ಬಾಯಿಗೆ ನೀರು, ಔಷಧ ಹೋದರೆ ಹೇಗೆ ಎಂದು ಮುಂದೂಡಿದಳು. ಈದ್ ಬಂತು, ನೆಂಟರು ಬಂದರು, ಮಕ್ಕಳ ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಕ್ಯಾಪಿನ ಖರ್ಚು ಬೇರೆ. ನೋವಂತೂ ಇರಲಿಲ್ಲ. ನೋವಿಲ್ಲದ ಹಲ್ಲಿಗಾಗಿ ಯಾವ ಹೆಣ್ಣುಮಗಳು ಮನೆ ಬಿಟ್ಟು ಬೆಳಗಾವಿಗೆ ಹೋಗುತ್ತಾಳೆ?

ತಾತ್ಕಾಲಿಕ ಸಿಮೆಂಟು ಹೆಸರೇ ಹೇಳುವಂತೆ ಕೆಲವು ವಾರಗಳಿಗೆ ಮಾತ್ರ. ಜಗಿಯುತ್ತಾ ಅದು ಸವೆಯುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಅಲ್ಲಿಂದ ಎಂಜಲು ಇಳಿಯುತ್ತದೆ, ಎಂಜಲಿನೊಂದಿಗೆ ಸೂಕ್ಷ್ಮಜೀವಿಗಳೂ ಇಳಿಯುತ್ತವೆ. ಕೆಳಗೆ ಎಷ್ಟೇ ಚೆನ್ನಾಗಿ ತುಂಬಿಸಿದ್ದರೂ ಮೇಲಿನ ಬಾಗಿಲು ತೆರೆದಿದ್ದರೆ ಒಳಗೆ ಮತ್ತೆ ಸೋಂಕಾಗುತ್ತದೆ. ಖಾನಾಪುರದ ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಡೆ ಗಟ್ಟಿಯಿದ್ದರೂ ಒಂದು ಹಂಚು ಸರಿದರೆ ಸಾಕು, ಮನೆಯೊಳಗೆ ಕೆರೆ.

ಕ್ಯಾಪ್ ಹಾಕಿಸದಿದ್ದರೆ ಇನ್ನೊಂದು ಅಪಾಯವೂ ಇದೆ. ಹುಳುಕು ತಿಂದದ್ದು, ಚಿಕಿತ್ಸೆಗೆ ಕೊರೆದದ್ದು ಎಲ್ಲ ಸೇರಿ ದವಡೆ ಹಲ್ಲು ಒಳಗೆ ಟೊಳ್ಳಾಗಿರುತ್ತದೆ. ಸುಟ್ಟ ಮೆಕ್ಕೆಜೋಳವೋ ಎಲುಬೋ ಕಚ್ಚಿದಾಗ ಅದು ಬಿರುಕು ಬಿಡಬಹುದು. ಕಚ್ಚಿ ಬಿಟ್ಟಾಗ ಚುಚ್ಚುವ ನೋವು ಬಿರುಕಿನ ಸೂಚನೆ. ಬಿರುಕು ಮೇಲ್ಭಾಗದಲ್ಲಿದ್ದರೆ ಕ್ಯಾಪ್ ಹಾಕಿ ಉಳಿಸಬಹುದು. ಬೇರು ಉದ್ದುದ್ದಕ್ಕೆ ಸೀಳಿದರೆ ಆ ಹಲ್ಲನ್ನು, ಇಲ್ಲವೇ ಸೀಳಿದ ಬೇರನ್ನಾದರೂ, ತೆಗೆಯದೆ ದಾರಿಯಿಲ್ಲ. ಅಂದರೆ ಕ್ಯಾಪಿನ ಖರ್ಚು ಉಳಿಸಲು ಹೋಗಿ ರೂಟ್ ಕೆನಾಲಿನ ಖರ್ಚೂ ಹಲ್ಲೂ ಎರಡೂ ಹೋಗುತ್ತವೆ.

ನನಗನಿಸುವಂತೆ ನಮ್ಮ ಕಡೆ ಚಿಕಿತ್ಸೆಯ ನಂತರ ಉಳಿಯುವ ನೋವಿಗೆ ದೊಡ್ಡ ಕಾರಣ ಇದೇ: ನೋವು ನಿಂತ ದಿನವೇ ಚಿಕಿತ್ಸೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯಿಂದ ಬರುವವರಿಗೆ ಒಂದು ಸಿಟ್ಟಿಂಗ್ ಎಂದರೆ ಒಂದು ದಿನ ಹಾಳು, ಜೊತೆಗೆ ಬರುವ ಗಂಡಸಿನ ಕೂಲಿಯೂ ಹಾಳು. ಹಾಗಾಗಿ ಮೊದಲ ದಿನವೇ ಎಷ್ಟು ಸಲ ಬರಬೇಕು, ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ. ದೂರದಿಂದ ಬರುವವರೆಂದು ಹೇಳಿದರೆ, ಹಲ್ಲಿನ ಸ್ಥಿತಿ ಒಪ್ಪಿದರೆ, ಒಂದೇ ದಿನದಲ್ಲಿ ಬೇರಿನ ಕೆಲಸ ಮುಗಿಸುವ ವೈದ್ಯರೂ ಇದ್ದಾರೆ. ಖರ್ಚಿನ ಚಿಂತೆಯಿರುವವರಿಗೆ ಬೆಳಗಾವಿಯಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ. 1985ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆಯ ವಿ.ಕೆ. ದಂತವಿಜ್ಞಾನ ಕಾಲೇಜು ನೆಹರೂ ನಗರದಲ್ಲಿದೆ. ಇನ್ನೊಂದು ಮರಾಠಾ ಮಂಡಳದ ನಾಥಾಜಿರಾವ್ ಜಿ. ಹಲಗೇಕರ್ ದಂತವಿಜ್ಞಾನ ಸಂಸ್ಥೆ. ಕಾಲೇಜುಗಳಲ್ಲಿ ಕಲಿಯುತ್ತಿರುವವರು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಮಹಿಳಾ ವೈದ್ಯರೇ ಬೇಕೆನ್ನುವವರು ಹೆಸರು ಬರೆಸುವಾಗಲೇ ಸಂಕೋಚವಿಲ್ಲದೆ ಕೇಳಿ.

ಉಪವಾಸದ ಮಾತು ಬಂದದ್ದರಿಂದ ಒಂದು ವಿಷಯ. ಇಫ್ತಾರ್ ಬಳಿಕ ಸಮಯ ಕೊಡುವ ಕ್ಲಿನಿಕ್ಕುಗಳಿವೆ. ತಡೆಯಲಾಗದ ನೋವು, ಬಾವು ಇರುವವರಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ರಿಯಾಯಿತಿಯೂ ಧರ್ಮದಲ್ಲೇ ಇದೆ. ಸಂದೇಹವಿದ್ದರೆ ಬಲ್ಲ ಆಲಿಮರನ್ನು ಕೇಳಿ, ಆದರೆ ಒಂದು ತಿಂಗಳು ಹಲ್ಲನ್ನು ತೆರೆದಿಟ್ಟು ಕೂರಬೇಡಿ.

ಹಲ್ಲಿನದಲ್ಲದ ಹಲ್ಲುನೋವು

ಕೆಲವೊಮ್ಮೆ ಎಕ್ಸ್‌ರೇ ಚೆನ್ನಾಗಿರುತ್ತದೆ, ಕ್ಯಾಪ್ ಇರುತ್ತದೆ, ಬಡಿದು ನೋಡಿದರೂ ಏನೂ ಸಿಗುವುದಿಲ್ಲ, ಆದರೂ ನೋವಿರುತ್ತದೆ. 2010ರಲ್ಲಿ ಪ್ರಕಟವಾದ ಎರಡು ಸಮೀಕ್ಷಾ ಲೇಖನಗಳ ಪ್ರಕಾರ ರೂಟ್ ಕೆನಾಲ್ ಆಗಿ ಆರು ತಿಂಗಳು ಕಳೆದರೂ ನೋವು ಉಳಿಯುವುದು 100ರಲ್ಲಿ ಸುಮಾರು 5 ಹಲ್ಲುಗಳಲ್ಲಿ. ಹಲ್ಲಿಗೆ ಸಂಬಂಧವೇ ಇಲ್ಲದ ಕಾರಣದಿಂದ ನೋವು ಉಳಿಯುವುದು 100ರಲ್ಲಿ 3ಕ್ಕಿಂತ ಸ್ವಲ್ಪ ಹೆಚ್ಚು. ಸಂಖ್ಯೆ ಸಣ್ಣದು, ಆದರೆ ಅದರಲ್ಲಿ ಸಿಕ್ಕಿಕೊಂಡವರ ಕಷ್ಟ ಸಣ್ಣದಲ್ಲ. ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡು, ಕೊನೆಗೆ ಬೋಳು ವಸಡಿನಲ್ಲೂ ಅದೇ ನೋವು ಅನುಭವಿಸುವವರು ಇವರೇ.

ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿ ತುಂಬಿದ ಗೂಡಿದೆ. ಶೀತವಾಗಿ ಅದು ಕಟ್ಟಿಕೊಂಡರೆ ಒಂದೇ ಬದಿಯ ಎರಡು ಮೂರು ಹಲ್ಲುಗಳು ಒಟ್ಟಿಗೆ ನೋಯುತ್ತವೆ. ಬಗ್ಗಿದಾಗ, ಸಜ್ದಾಕ್ಕೆ ಹೋದಾಗ ಕೆನ್ನೆ ಭಾರವಾಗಿ ನೋವು ಹೆಚ್ಚುತ್ತದೆಂದರೆ ಇದನ್ನು ಸಂಶಯಿಸಬೇಕು. ಮಳೆಗಾಲದ ಖಾನಾಪುರದಲ್ಲಿ ಶೀತಕ್ಕೆ ಬರವೇ?

ಇನ್ನೊಂದು, ಮುಖದ ನರದ ಬೇನೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೆಸರು. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕರೆಂಟು ಹೊಡೆದಂತೆ ಕೆಲವೇ ಕ್ಷಣಗಳ ಸಿಡಿತ, ಆಮೇಲೆ ಏನೂ ಇಲ್ಲ, ಮತ್ತೆ ಸಿಡಿತ. ವುಝೂ ಮಾಡುವಾಗ ಮುಖಕ್ಕೆ ನೀರು ತಾಗಿದರೆ, ಗಾಳಿ ಬೀಸಿದರೆ, ಹಲ್ಲುಜ್ಜಿದರೆ ಶುರುವಾಗುತ್ತದೆ. ನಮ್ಮ ಪರಿಚಯದ ಖಾಲಾ ಒಬ್ಬರು ಇದಕ್ಕಾಗಿ ಮೂರು ಒಳ್ಳೆಯ ಹಲ್ಲು ಕೀಳಿಸಿಕೊಂಡ ಮೇಲೆ ನರರೋಗ ತಜ್ಞರ ಬಳಿ ಹೋದರು. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಬೇರೆಯೇ ಔಷಧವಿದೆ, ಅದನ್ನು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು.

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ಎದ್ದಾಗ ದವಡೆಯ ಸ್ನಾಯು ಬಿಗಿದು ಹಲ್ಲೇ ನೋಯುತ್ತಿದೆ ಎನಿಸುತ್ತದೆ. ಮನಸ್ಸಿನ ಚಿಂತೆಯೂ ಇದಕ್ಕೆ ಒಂದು ಕಾರಣ. ಕಾಲು ಕತ್ತರಿಸಿದವರಿಗೆ ಇಲ್ಲದ ಕಾಲು ನೋಯುವಂತೆ, ತೆಗೆದ ನರದ ಜಾಗವೇ ನೋಯುವ ಸ್ಥಿತಿಯೂ ಒಂದಿದೆ. ಚಿಕಿತ್ಸೆಗೆ ಮೊದಲು ತಿಂಗಳುಗಟ್ಟಲೆ ನೋವು ತಡೆದುಕೊಂಡವರಲ್ಲಿ ಇದರ ಸಾಧ್ಯತೆ ಹೆಚ್ಚು. ಇದೂ ಭ್ರಮೆಯಲ್ಲ, ನರಮಂಡಲದ ಕಾಯಿಲೆ.

ಎಡಗಡೆಯ ಕೆಳದವಡೆ ಮೆಟ್ಟಿಲು ಹತ್ತಿದಾಗ, ನೀರು ಹೊತ್ತಾಗ ನೋಯುತ್ತದೆ, ಕುಳಿತರೆ ಇಳಿಯುತ್ತದೆ, ಜೊತೆಗೆ ಬೆವರು, ಎದೆ ಬಿಗಿತ ಇದೆ ಎಂದಾದರೆ ದಂತವೈದ್ಯರನ್ನು ಹುಡುಕಬೇಡಿ. ಅದು ಹೃದಯದ್ದಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಮಾಡಬಾರದ್ದು

ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವು ಮರೆಸುತ್ತದೆ ಎಂಬುದು ನಿಜ, ಅದರಲ್ಲಿರುವ ಯೂಜಿನಾಲನ್ನು ದಂತವೈದ್ಯರೂ ಬಳಸುತ್ತಾರೆ. ಆದರೆ ಪದೇ ಪದೇ ಹಚ್ಚಿದರೆ ವಸಡು ಸುಡುತ್ತದೆ. ನಾದಿನಿಯ ವಸಡು ಬೆಳ್ಳಗಾಗಿ ಸುಲಿದಿತ್ತು. ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ಹಲ್ಲಿನ ಬುಡಕ್ಕೆ ಒತ್ತುವುದು ಇನ್ನೂ ಕೆಟ್ಟದ್ದು. ಮಹಾರಾಷ್ಟ್ರದ ಗಡಿಯ ನಮ್ಮ ಊರುಗಳಲ್ಲಿ ಮಿಶ್ರಿ ತಿಕ್ಕುವ ಹೆಂಗಸರು ಈಗಲೂ ಇದ್ದಾರೆ. ಹಲ್ಲುನೋವಿಗೆಂದು ಶುರು ಮಾಡಿ ಬಿಡಲಾಗದೆ ಹೋದವರೇ ಹೆಚ್ಚು. ಸುಟ್ಟ ತಂಬಾಕು ಅದು. ಜುಮ್ಮೆನಿಸಿ ನೋವು ಮರೆಸುತ್ತದೆ, ವಸಡನ್ನು ತಿನ್ನುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಮಿಸ್ವಾಕ್ ಬಹಳ ಒಳ್ಳೆಯದು, ಆದರೆ ಅದು ಹುಳುಕು ಬರದಂತೆ ಕಾಯುವ ಸಾಧನ. ಬೇರಿನೊಳಗೆ ಸೇರಿದ ಸೋಂಕನ್ನು ಅದು ಮುಟ್ಟಲಾರದು.

ಔಷಧದಂಗಡಿಯಲ್ಲಿ ಹೇಳಿ ಆಂಟಿಬಯಾಟಿಕ್ ತರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಸತ್ತ ತಿರುಳಿರುವ ಕೊಳವೆಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ರಕ್ತದಲ್ಲಿರುವ ಔಷಧ ಹೇಗೆ ಹೋದೀತು? ಎರಡು ದಿನ ಶಮನವಾದಂತೆ ಕಂಡರೂ ಮೂಲ ಅಲ್ಲೇ ಇರುತ್ತದೆ. ಮುಖ ಬಾತು, ಜ್ವರ ಬಂದಾಗ ಆಂಟಿಬಯಾಟಿಕ್ ಬೇಕು, ಆಗಲೂ ಕೀವು ಹೊರಹೋಗಲು ದಾರಿ ಮಾಡಲೇಬೇಕು. ಬಾವು ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡುತ್ತಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯಬೇಡಿ. ಹಲ್ಲಿನ ಸೋಂಕು ಗಂಟಲಿಗಿಳಿದು ಜೀವ ತೆಗೆದ ಉದಾಹರಣೆಗಳು ವೈದ್ಯಕೀಯದಲ್ಲಿ ಬೇಕಾದಷ್ಟಿವೆ.

ಗರ್ಭಿಣಿಯರು ವೈದ್ಯರಿಗೆ ಮೊದಲೇ ಹೇಳಬೇಕು. ಚಿಕಿತ್ಸೆ ಮಾಡಿಸಿಕೊಳ್ಳಬಹುದು, ನಡುವಿನ ಮೂರು ತಿಂಗಳು ಹೆಚ್ಚು ಅನುಕೂಲ. ಆದರೆ ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಐದು ತಿಂಗಳಾದ ಮೇಲಂತೂ ಅವು ಮಗುವಿಗೆ ಅಪಾಯ. ಸಕ್ಕರೆ ಕಾಯಿಲೆಯವರಲ್ಲಿ ಬೇರಿನ ಸುತ್ತಲಿನ ಎಲುಬು ನಿಧಾನವಾಗಿ ಮಾಗುತ್ತದೆ. ಸಕ್ಕರೆ ಹತೋಟಿಯಲ್ಲಿಡುವುದೂ ಹಲ್ಲಿನ ಚಿಕಿತ್ಸೆಯೇ.

ಕೀಳಿಸುವ ಮೊದಲು

"ಕಿತ್ತು ಬಿಡಿ ಡಾಕ್ಟರ್, ಒಮ್ಮೆಗೇ ಮುಗಿಯಲಿ" ಎಂದು ನಾದಿನಿ ಅಂದೂ ಹೇಳಿದಳು. ತಜ್ಞೆ ನಕ್ಕು, "ಕೀಳೂದು ಹತ್ತು ಮಿನಿಟಿನ ಕೆಲಸ ಅಕ್ಕಾರ. ಆದ್ರ ಆಮ್ಯಾಲ ಆ ಜಾಗಕ್ಕ ಏನ್ ಮಾಡ್ತೀರಿ?" ಎಂದರು. ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದ್ದು ಆ ಖಾಲಿ ಜಾಗದತ್ತ ಸರಿಯುತ್ತದೆ. ಹೊಸ ಹಲ್ಲು ಕೂರಿಸಲು ಕ್ಯಾಪಿಗಿಂತ ಹೆಚ್ಚು ಖರ್ಚು. ಹಳೆಯ ತುಂಬಿಕೆ ತೆಗೆದು ಮತ್ತೆ ಶುಚಿಗೊಳಿಸಿ ತುಂಬಿಸುವುದು ಮೊದಲ ದಾರಿ. ಅದಾಗದಿದ್ದರೆ ವಸಡು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯಿದೆ. ಕೀಳುವುದು ಕೊನೆಯದು. ಬೇರು ಸೀಳಿದ್ದರೆ, ಎಲುಬು ಪೂರ್ತಿ ಕರಗಿದ್ದರೆ ಮಾತ್ರ ಅದೇ ಸರಿ. ಆಗಲೂ ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಮಾತಿಗೆ ಹೆದರಬೇಕಿಲ್ಲ, ಅದು ಸುಳ್ಳು. ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶವೂ ಅಷ್ಟೇ.

ಮರುಚಿಕಿತ್ಸೆ ಎರಡು ಸಿಟ್ಟಿಂಗ್ ಹಿಡಿಯಿತು. ಎರಡೂ ಸಲ ಖಾನಾಪುರದಿಂದ ಬೆಳಗಿನ ಬಸ್ಸಿಗೆ ಬಂದು, ನಮ್ಮ ಮನೆಯಲ್ಲಿ ಗಂಜಿ ಕುಡಿದು ಸಂಜೆ ಹೋದಳು. ಮೂರನೇ ಸಲ ಕ್ಯಾಪಿನ ಅಳತೆ, ನಾಲ್ಕನೇ ಸಲ ಕ್ಯಾಪ್. ಆ ದಿನ ಅವಳ ಗಂಡನೇ ರಜೆ ಹಾಕಿ ಕರೆತಂದಿದ್ದರು. "ನಾನೂ ಭ್ರಮೆ ಅಂದುಕೊಂಡಿದ್ದೆ" ಎಂದು ಹೊರಗೆ ಕುಳಿತು ನನ್ನೆದುರು ಒಪ್ಪಿಕೊಂಡರು. ಬೇರಿನ ತುದಿಯ ಎಲುಬು ತುಂಬಿಕೊಳ್ಳಲು ತಿಂಗಳುಗಳು ಬೇಕು, ಕೆಲವರಲ್ಲಿ ವರ್ಷಕ್ಕಿಂತಲೂ ಹೆಚ್ಚು. ಆದ್ದರಿಂದ ನೋವಿಲ್ಲದಿದ್ದರೂ ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ ಬಂದು ಎಕ್ಸ್‌ರೇ ತೆಗೆಸಿ ಹೋಗಬೇಕೆಂದು ತಜ್ಞೆ ಹೇಳಿದರು. ಹಳೆಯ ಎಕ್ಸ್‌ರೇ ತರಲು ಮರೆಯಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಮಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದೂ ಎರಡೆರಡು ಸಲ ಹೇಳಿದರು.

ಕಳೆದ ವಾರ ಖಾನಾಪುರಕ್ಕೆ ಹೋಗಿದ್ದೆ. ರೇಶನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಇಡುವ ಪೆಟ್ಟಿಗೆಯಿಂದ ನಾದಿನಿ ಒಂದು ಲಕೋಟೆ ತೆಗೆದು ತೋರಿಸಿದಳು. ಎಕ್ಸ್‌ರೇ, ಸ್ಕ್ಯಾನಿನ ಚಿತ್ರ, ಚೀಟಿಗಳು. ಲಕೋಟೆಯ ಮೇಲೆ ಮಗಳ ಕೈಯಲ್ಲಿ ಮುಂದಿನ ತಾರೀಖು ಬರೆಸಿದ್ದಳು. ಆ ತಾರೀಖು ರಮಝಾನಿನಲ್ಲಿ ಬೀಳುವುದಿಲ್ಲ ಎಂದು ಕ್ಯಾಲೆಂಡರ್ ನೋಡಿಯೇ ಬರೆಸಿದ್ದಾಳಂತೆ.